ಅತ್ತೆಯ ಹಾಲುಗಂಟು

ಜ್ವರ ನೋಡಲು ಜಡೆ ಊರಿನ ನಮ್ಮ ಮನೆಗೆ ಬಂದ ನರ್ಸಮ್ಮ, ಅತ್ತೆಯ ರವಿಕೆಗೆ ಹತ್ತಿದ್ದ ಅರಿಶಿನದ ಕಲೆ ಕಂಡು ಅವರ ಎದೆಗೇ ಕೈಯಿಟ್ಟು ಗಂಟು ಒತ್ತಿ ನೋಡಿದಳು. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಊರುಗಳಿಗೂ ಜ್ವರ ಹಬ್ಬಿದ್ದ ವರ್ಷ ಅದು. ಪರೀಕ್ಷೆಗೆಂದು ರಕ್ತ ಕೇಳುತ್ತ ಬರುವ ಸರ್ಕಾರದವರನ್ನು ನಾವು ನಂಬುತ್ತಿರಲಿಲ್ಲ.

“ಹಾಲುಗಂಟು ಕಣ್ರೀ, ಅರಿಶಿನ ಅರೆದು ಹಚ್ಚಿದೀವಿ. ನೋವೇನಿಲ್ಲ,” ಎಂದು ತಡೆದೆ.

“ಕೊನೇ ಮಗೂಗೆ ಎಷ್ಟು ವರ್ಷ?”

“ಹನ್ನೆರಡು,” ಎಂದರು ಅತ್ತೆ.

“ಮತ್ತೆ ಹಾಲೆಲ್ಲಿಂದ ಬಂತಮ್ಮ? ನೋವಿದ್ದಿದ್ರೆ ನಾನಿಷ್ಟು ಹೆದರ್ತಿರ್ಲಿಲ್ಲ. ನಾಳೇನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ರಿ,” ಎಂದಳು ನರ್ಸಮ್ಮ.

ಅವಳನ್ನು ಬೈದುಕೊಂಡೇ ಹೋದೆವು. ಅದು ಕ್ಯಾನ್ಸರ್ ಗಂಟು, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಹೇಳಿ ಡಾಕ್ಟರು ಆಪರೇಷನ್ ಮಾಡಿದರು. ಮುಂದೆ ಅತ್ತೆ ನನ್ನ ಮೂರು ಬಾಣಂತನ ಮಾಡಿದರು.

ಈಗ ತಿಂಗಳಿಗೊಮ್ಮೆ, ಎಣ್ಣೆ ಹಚ್ಚಿಕೊಂಡು ಮೀಯುವ ದಿನ, ನನ್ನ ಎದೆಯನ್ನು ನಾನೇ ಒತ್ತಿ ನೋಡಿಕೊಳ್ಳುತ್ತೇನೆ. ಆಗ ಸರ್ಕಾರದವರ ಮೇಲಿದ್ದ ನನ್ನ ಅನುಮಾನ ಹೋಗಿಲ್ಲ. ಈಗ ಅದು “ನೋವೇನಿಲ್ಲ” ಎನ್ನುವವರ ಮೇಲೆ.