ಅತ್ತೆ ಜೇಡ ಹೊಡೆಯುತ್ತಿದ್ದ ದಿನಗಳು

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ತುದಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಬಿತ್ತನೆಗೆಂದು ಶೇಂಗಾ ಸುಲಿದೂ ಸುಲಿದೂ ಚರ್ಮ ದಪ್ಪಗಾಗಿ, ಉಗುರು ನಡುವೆ ಸೀಳಿತ್ತು. ಒಂದು ಕಾಲಕ್ಕೆ ಹೆಂಚಿನ ಮೇಲಿನ ಬಿಸಿ ರೊಟ್ಟಿಯನ್ನು ಅದೇ ಬೆರಳಿನಿಂದ ತಿರುವಿ ಹಾಕುತ್ತಿದ್ದರು. ಮೊಬೈಲು ಮಾತ್ರ ಅದನ್ನು ಬೆರಳೆಂದು ಒಪ್ಪುತ್ತಿರಲಿಲ್ಲ. “ದುಡಿದ ಬೆರಳಿನ ಗುರ್ತೇ ಇಲ್ಲ ನೋಡು ಇದಕ್ಕೆ” ಎಂದು ಬಯ್ದು, ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಮತ್ತೆ ಕುಟ್ಟುತ್ತಿದ್ದರು.

ಅವರು ಕುಟ್ಟುತ್ತಿದ್ದದ್ದು ಆಟದೊಳಗಿನ ಜೇಡಗಳನ್ನು. ಅವರು ಆ ಆಟಕ್ಕಿಳಿದದ್ದಕ್ಕೆ ಕಾರಣ ನನ್ನ ಬಾಯಿ.

ನಾನು ಜಗಳೂರಿನಿಂದ ದಿನಾ ದಾವಣಗೆರೆಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವವಳು. ಮಗಳ ಜಡೆ, ಬುತ್ತಿ, ಪ್ರೋಗ್ರೆಸ್ ಕಾರ್ಡಿನ ಸಹಿ ಎಲ್ಲವೂ ಅತ್ತೆಯದೇ. ಸಹಿ ಎಂದರೆ ಅವರಿಗೆ ಸಣ್ಣ ವಿಷಯವಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಸಂಜೆ ಶಾಲೆಗೆ ಹೋಗಿ ಕಲಿತದ್ದು. ವರ್ಷವಿಡೀ ಒಂದೇ ಕಾರ್ಡು, ಒಂದೊಂದು ಪರೀಕ್ಷೆಗೂ ಒಂದರ ಕೆಳಗೊಂದು ಸಹಿಯ ಮನೆ. ಅದು ಬಂದಾಗಲೆಲ್ಲ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಣೆಯ ಮೇಲಿಟ್ಟು ನಿಧಾನಕ್ಕೆ ಬರೆಯುತ್ತಿದ್ದರು. ಆಗ ಯಾರೂ ಮಾತಾಡಕೂಡದು.

ಲಕ್ವ ಹೊಡೆದು ಅವರ ಬಲಗೈ ಸೋತ ಮೇಲೆ ಮೊದಲ ಕಿರುಪರೀಕ್ಷೆಯ ಕಾರ್ಡು ಬಂತು. ಬಸ್ಸಿನ ಆತುರದಲ್ಲಿ ನಾನೇ ಗೀಚಿಬಿಟ್ಟೆ.

“ನನ್ನ ಜಾಗದಾಗೆ ನೀನ್ಯಾಕೆ ಹಾಕ್ದೆ?” ಎಂದರು ಅತ್ತೆ.

“ನಿಮ್ ಕೈಲಿ ಆಗಲ್ವಲ್ರಿ ಅತ್ತೆ. ಮುಂದಿನ ಸಲ ಬೇಕಂದ್ರೆ ಹೆಬ್ಬೆಟ್ಟು ಒತ್ರಿ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪ್ರಯೋಜನವಾಗಲಿಲ್ಲ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ, “ಮುಂದಿನ ಪರೀಕ್ಷೆಗೆ ನಾನೇ ಹಾಕ್ತೀನಿ” ಎಂದು ಹೇಳಿ ಮುಖ ತಿರುಗಿಸಿದರು.

ಬೆರಳುಗಳಿಗೆ ವ್ಯಾಯಾಮವಾಗಲಿ ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟಿದ್ದರು. “ಚೆಂಡು ಹಿಸುಕಾಕೆ ನಾನೇನು ತೊಟ್ಲು ಕೂಸೇನು?” ಎಂದು ಅದನ್ನು ಮಂಚದ ಕೆಳಗೆ ಉರುಳಿಸಿದರು. ಆಗ ಮಗಳು ಮನೆಯ ಮೊಬೈಲಿನಲ್ಲಿ ತನ್ನ ಆಟ ಹಾಕಿ ಅಜ್ಜಿಯ ತೊಡೆಯ ಮೇಲಿಟ್ಟಳು. ಅದರಲ್ಲೊಂದು ಮನೆ. ಗಡಿಯಾರದ ಹಿಂದಿನಿಂದ, ಸೋಫಾದ ಕೆಳಗಿನಿಂದ ದಪ್ಪಕಣ್ಣಿನ ಜೇಡಗಳು ಹೊರಡುತ್ತವೆ. ಮುಟ್ಟಿದ ಕಡೆ ಕಸಬರಿಗೆ ಬಿದ್ದು ಜೇಡ ‘ಪಚಕ್’ ಎನ್ನುತ್ತದೆ. ಅಷ್ಟೇ ಆಟ.

“ಬಲಗೈಲೇ ಹೊಡಿಬೇಕು ಅಜ್ಜಿ, ಎಡಗೈ ಆಟಕ್ಕಿಲ್ಲ” ಎಂದಳು ಮಗಳು.

ಮೊದಮೊದಲು ಬೆರಳು ಹೋಗಿ ಮುಟ್ಟುವುದರೊಳಗೆ ಜೇಡ ಮೂರು ಗೋಡೆ ದಾಟಿರುತ್ತಿತ್ತು. “ನಿಂತ್ಕಳೋ, ಬರಾಕತ್ತೀನಿ” ಎಂದು ಜೇಡಕ್ಕೇ ಗದರುವರು. ತಿಂಗಳು ಕಳೆಯುವುದರಲ್ಲಿ ಆಟದ ಅಡುಗೆಮನೆಯ ಜೇಡ ಪೂರ್ತಿ ಸಾಫ್. ಆದರೆ ದೀಪ ಹಚ್ಚುವ ಹೊತ್ತಾದರೆ ಆಟ ಬಂದ್.

“ಇನ್ನೆರಡೇ ಉಳಿದಾವಲ್ರಿ, ಹೊಡೀರಿ” ಎಂದರೆ, “ದೀಪ ಹಚ್ಚಿದ ಮ್ಯಾಲೆ ಕಸಬರಿಗೆ ಹಿಡೀತಾರೇನೇ? ಬುದ್ಧಿ ಐತಾ ನಿನಗೆ?” ಎನ್ನುವರು. ಆ ಎರಡಕ್ಕೆ ಬೆಳಗಿನವರೆಗೆ ಜೀವದಾನ. ನಾನು ನಕ್ಕೂ ನಕ್ಕೂ ಸುಸ್ತಾಗುತ್ತಿದ್ದೆ. ಶನಿವಾರ ಬೇಗ ಮನೆಗೆ ಬಂದರೆ ಬಾಗಿಲಲ್ಲೇ ‘ಪಚಕ್, ಪಚಕ್’ ಕೇಳುತ್ತಿತ್ತು. ಈಗಲೂ ಚಪ್ಪಲಿ ಬಿಡುವಾಗ ಒಂದು ಗಳಿಗೆ ಕಿವಿಗೊಡುತ್ತೇನೆ. ಮನೆ ಸುಮ್ಮನಿರುತ್ತದೆ. ಅವರ ಬೈಗುಳಕ್ಕೂ ನಾನು ಇಷ್ಟು ಹಂಬಲಿಸುತ್ತೇನೆಂದು ಯಾರಾದರೂ ಆಗ ಹೇಳಿದ್ದರೆ ನಂಬುತ್ತಿರಲಿಲ್ಲ.

ಎರಡನೇ ಪರೀಕ್ಷೆ ಮುಗಿದು ಕಾರ್ಡು ಬಂದ ಬೆಳಿಗ್ಗೆ ಅತ್ತೆ ಮಣೆ ಕೇಳಿದರು. ಒಂದು ಅಕ್ಷರ ಬರೆದು ಉಸಿರು ಬಿಡುವರು, ಮತ್ತೊಂದು ಬರೆಯುವರು. ಹೊರಗೆ ಬಸ್ಸು ಹಾರನ್ ಹೊಡೆಯಿತು. ನಾನು ಕದಲಲಿಲ್ಲ, ಬಸ್ಸು ಹೋಯಿತು. ಸಹಿ ಮುಗಿದಾಗ ಅವರ ಹಣೆಯ ಮೇಲೆ ಬೆವರಿತ್ತು. ಅಕ್ಷರಗಳು ದೊಡ್ಡದಾಗಿ, ಸೊಟ್ಟಗೆ ಇಳಿಜಾರಿಗೆ ಬಿದ್ದು, ಮೂರನೇ ಪರೀಕ್ಷೆಯ ಸಹಿಯ ಜಾಗವನ್ನೂ ತುಂಬಿಬಿಟ್ಟಿದ್ದವು.

“ಅಜ್ಜಿ, ಕೆಳಗಿನ ಮನೆಗೂ ಹೋತು!” ಎಂದಳು ಮಗಳು.

“ಹೋಗ್ಲಿ ಬಿಡು. ಅದೂ ನಂದೇ.”

ಮೂರನೇ ಪರೀಕ್ಷೆಗೆ ಮೊದಲೇ ಅತ್ತೆಗೆ ಮತ್ತೆ ಲಕ್ವ ಹೊಡೆಯಿತು. ಈ ಸಲ ಅವರು ಉಳಿಯಲಿಲ್ಲ.

ಕಾರ್ಡು ಬಂದಾಗ ಮಗಳು ಅದನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು. ನಾನು ಪೆನ್ನಿನ ಮುಚ್ಚಳ ಹಾಕಿಟ್ಟೆ. ಅಂದು ರಜೆ ಹಾಕಿ, ಅವಳ ಜೊತೆ ನಾನೇ ಶಾಲೆಗೆ ಹೋದೆ.

“ಮೂರನೇದಕ್ಕೆ ಸಹಿ ಆಗಿಲ್ವಲ್ರಿ?” ಎಂದರು ಟೀಚರು.

“ಆಗೈತೆ ಮೇಡಂ” ಎಂದೆ. “ನಮ್ ಅತ್ತೆ ಮೊದ್ಲೇ ಹಾಕಿ ಹೋಗ್ಯಾರೆ.”