ಹೂವಿನ ಸರ್ಕಲ್ಲಿನ ಮುಯ್ಯಿ

ಸಿಂದಗಿಯಲ್ಲಿ ಜನ ದೂರದಿಂದ ನೋಡಿಯೇ ರಸ್ತೆ ದಾಟಿಬಿಡುವಂಥವರು ಇಬ್ಬರಿದ್ದೇವೆ. ಒಬ್ಬ ನಾನು, ವಿಮಾ ಏಜಂಟ. ನನ್ನ ಮುಖ ಕಂಡರೆ ಎಂಥ ಗಟ್ಟಿಮುಟ್ಟಾದವರಿಗೂ ತಮ್ಮ ಸಾವು ನೆನಪಾಗುತ್ತದೆ. ಇನ್ನೊಬ್ಬರು ಅಮೀನುದ್ದೀನ. ಅವರ ತೊಂದರೆ ಮಾತಿನದು. ಆಯುಷ್ಯವೆಲ್ಲ ಮದುವೆಮನೆಗಳಲ್ಲಿ ಮೈಕು ಹಿಡಿದವರು. ಕೈಯಲ್ಲಿ ಮೈಕು ಇಲ್ಲದಾಗಲೂ ಅದು ಇದ್ದಂತೆಯೇ ಮಾತಾಡುತ್ತಾರೆ. ಅವರು ನನ್ನನ್ನು “ಚಾ ಆತೇನ್ರಿ?” ಎಂದು ಕೇಳಿದರೆ, ಎದುರಿನ ಔಷಧಿ ಅಂಗಡಿಯೊಳಗಿನಿಂದ ಯಾರೋ “ಆತ್ರಿ” ಎನ್ನುತ್ತಾರೆ.

ನಮ್ಮ ಕಡೆ ಮದುವೆಯಲ್ಲಿ ಬಂದ ಉಡುಗೊರೆಗೆ ಆಯೇರಿ ಅನ್ನುತ್ತೇವೆ. ಸೀರೆಯಿರಲಿ, ಕೊಡವಿರಲಿ, ಕೊಟ್ಟವರ ಹೆಸರು ಹಿಡಿದು ಮೈಕಿನಲ್ಲಿ ಕೂಗಬೇಕು. ಕೂಗದಿದ್ದರೆ ಕೊಟ್ಟವರಿಗೆ ಹುಗ್ಗಿಯೂ ಕಹಿ. ಒಮ್ಮೆ ಕೂಗಿದ ಮೇಲೆ ಮಾತು ಮುಗಿಯಿತು. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಇವರು ಮುಯ್ಯಿ ತೀರಿಸಲೇಬೇಕು. ನನ್ನ ಮದುವೆಯಲ್ಲಿ ಆಯೇರಿ ಕೂಗಿದವರೂ ಅಮೀನುದ್ದೀನರೇ. ನನ್ನ ಸೋದರಮಾವ ಕೊಟ್ಟ ಗಡಿಯಾರವನ್ನು ಅವರು ಎರಡು ಸಲ ಕೂಗಿದ್ದರು. ಅದು ಒಂದು ಸಲವೂ ನಡೆಯಲಿಲ್ಲ, ಆ ಮಾತು ಬೇರೆ.

ಆಮೇಲೆ ಡಿಜೆ ಬಂತು. ಅದರ ಸದ್ದಿನಲ್ಲಿ ಅಕ್ಷತೆ ಹಾಕುವವರಿಗೆ ಮದುಮಗ ಯಾವನೆಂದೇ ತಿಳಿಯುವುದಿಲ್ಲ. ಆಯೇರಿ ಕೂಗುವುದನ್ನು ಯಾರು ಕೇಳಬೇಕು? ಆಯೇರಿಯೂ ಫೋನಿನೊಳಗೇ ಹೋಗಿ ಫೋನಿನೊಳಗೇ ಮುಟ್ಟತೊಡಗಿತು. ಅಮೀನುದ್ದೀನರ ಕೆಲಸ ನಿಂತ ವರ್ಷವೇ ಅವರ ಹೆಂಡತಿ ಅಬಿದಾ ತೀರಿಕೊಂಡರು. ಮುದ್ದೇಬಿಹಾಳದಲ್ಲಿರುವ ಮಗಳು ಯಾಸ್ಮಿನ ದಿನಾ ಫೋನು ಮಾಡುತ್ತಿದ್ದಳು.

“ಏನ್ ಅಂತಾಳ ಗೊತ್ತೇನ್ರಿ ಏಜಂಟ್ ಸಾಹೇಬ್ರ?” ಎಂದು ಚಹಾದಂಗಡಿಯಲ್ಲಿ ನನಗೆ ಹೇಳಿದರು, ಅಂದರೆ ಬೀದಿಗೇ ಹೇಳಿದರು. “ಅಬ್ಬಾ, ಅಲ್ಲಿ ನಿಮಗ ಯಾರ ಅದಾರ, ಇಲ್ಲಿಗೆ ಬಂದಬಿಡ್ರಿ ಅಂತಾಳ. ಯಾರ ಅದಾರ ಅಂದ್ರ? ಇಡೀ ಊರ ಐತಿ ಅಂದೆ.”

ಇಡೀ ಊರು ಆ ಹೊತ್ತಿಗೆ ಚಹಾದ ಗ್ಲಾಸಿನ ತಳ ನೋಡುತ್ತಿತ್ತು.

ಆಲಮೇಲದ ಬಸ್ಸು ತಿರುಗುವಲ್ಲಿ ಒಂದು ಸರ್ಕಲ್ ಇದೆ. ಸರ್ಕಲ್ ಎಂದು ನಾವು ಕರೆಯುತ್ತಿದ್ದೆವು. ನಿಜವಾಗಿ ಅದು ಹರಿದ ಟೈರು, ಗುಟಕಾ ಚೀಟಿಗಳ ಗುಡ್ಡೆ. ಒಂದು ಮಳೆಗಾಲ ಅಮೀನುದ್ದೀನ ಅದನ್ನು ಕೆದರಿ, ಅಬಿದಾ ಮನೆಯ ಮುಂದೆ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿದ್ದ ಗುಲಬಾಸಿಯ ಬೀಜ ಒಯ್ದು ಹಾಕಿದರು. ಸಂಜೆಗೆ ಅರಳುವ ಹೂವು ಅದು. ಬಸ್ಸಿಗೆ ಕಾಯುವವರು ನೋಡಿದರು, ಒಬ್ಬರಿಗೊಬ್ಬರು ತೋರಿಸಿದರು. ನೋಡಿದ್ದೇ ತಡ, ನಮ್ಮಲ್ಲಿ ಕೆಲವರಿಗೆ ಊರು ಸುಧಾರಿಸುವ ಹುಕಿ ಬಂತು. ಕಮಿಟಿಯಾಯಿತು. ಜೇಬಿನಲ್ಲಿ ಪೆನ್ನು ಇದ್ದವನು ನಾನೊಬ್ಬನೇ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು.

ನೀರಿನ ಪೈಪು, ಕೆಮ್ಮಣ್ಣು, ಸಸಿ, ಕೂರಲು ಬೆಂಚು, ಎಲ್ಲ ಬೇಕಿತ್ತು. ಪಟ್ಟಿ ಎತ್ತಲು, ಅಂದರೆ ಚಂದಾ ಕೂಡಿಸಲು, ಅಂಗಡಿ ಅಂಗಡಿ ತಿರುಗಿದೆವು. ಗುಡಿಗೆ, ಮಸೂತಿಗೆ, ಅನ್ನಸಂತರ್ಪಣೆಗೆ ಇಲ್ಲವೆನ್ನದ ಕೈಗಳು ಹೂವೆಂದೊಡನೆ ಹಿಂದೆ ಸರಿದವು. “ಅದೇನ ತಾನ ಅರಳತೈತಿ, ಅದಕ್ಯಾಕ ಪಟ್ಟಿ?” ಎಂದರು. ನನ್ನನ್ನು ನೋಡಿದ ಕೆಲವರು ಹೂವಿಗೂ ವಿಮೆ ಮಾಡಿಸಲು ಬಂದಿದ್ದೇನೆಂದು ತಿಳಿದು ಒಳಗೆ ಹೋಗಿಬಿಟ್ಟರು.

ಆಗ ಅಮೀನುದ್ದೀನ ಸಂತೆಯ ದಿನ ತಮ್ಮ ಹಳೆಯ ಬ್ಯಾಟರಿ ಮೈಕು ಹಿಡಿದು ಸರ್ಕಲ್ಲಿನ ನಡುವೆ ನಿಂತರು.

“ಕೇಳ್ರೆಪ್ಪೋ, ಇವತ್ತ ನಮ್ಮ ಸರ್ಕಲ್ ಮದಿವಿ. ಬೀಗರ ಅಂದ್ರ ನೀವ. ಆಯೇರಿ ಬರಲಿ.”

ಸಂತೆಯೆಲ್ಲ ನಕ್ಕಿತು. ಆದರೆ ಆ ದನಿಗೆ ಊರು ಒಂದು ಕಾಲಕ್ಕೆ ಕಿವಿ ಕೊಟ್ಟು ಕೂತಿದ್ದಿತು. ಬಟ್ಟೆ ಅಂಗಡಿಯ ಸಿದ್ದಾರೂಢ ಮೊದಲು ಬಂದು ಪೈಪಿನ ಖರ್ಚು ತನ್ನದೆಂದ. “ಸಿದ್ದಾರೂಢ ಅವರ ಕಡಿಂದ ಸರ್ಕಲ್ಲಿಗೆ ನೀರಿನ ಪೈಪು” ಎಂದು ಹಾರ್ನಿನಲ್ಲಿ ಹೆಸರು ಮೊಳಗಿದಾಗ ಅವನು ಮದುಮಗನಂತೆ ನಾಚಿದ. ಕಾಯಿಪಲ್ಲೆ ಮಾರುವ ಲಕ್ಕವ್ವ ಸೇವಂತಿ ಸಸಿ ತಂದಳು. ಯಾರೋ ಚೆಂಡು ಹೂವಿನ ಬೀಜ, ಯಾರೋ ಗೊಬ್ಬರ. ನಾನೂ ಎರಡು ಕುಂಡ ಕೊಟ್ಟೆ. ನನ್ನ ಹೆಸರನ್ನು ಅಷ್ಟು ಗೌರವದಿಂದ ಯಾರಾದರೂ ಕೂಗಿ ಬಹಳ ದಿನವಾಗಿತ್ತು. ನನಗೇ ಗೊತ್ತಾಗದೆ ಹಿಂದೆ ತಿರುಗಿ ನೋಡಿದೆ, ಯಾರೀ ಶ್ರೀಶೈಲಪ್ಪ ಅಂತ.

ದೀಪಾವಳಿಯ ಹೊತ್ತಿಗೆ ಸರ್ಕಲ್ ಹೂವಿನಿಂದ ತುಂಬಿತು. ಆಗಲೇ ಲಕ್ಕವ್ವ ಬುಟ್ಟಿ ಹಿಡಿದುಕೊಂಡು ಬಂದಳು.

“ಮೊಮ್ಮಗಳು ಬಸುರಿ, ಕುಬಸ ಐತೋ ಅಮೀನಾ. ಬುಟ್ಟಿ ತುಂಬ ಹೂ ಹಾಕು.”

“ಅದ್ಹೆಂಗ ಲಕ್ಕವ್ವಾ, ಇದು ಊರಿನ ಹೂವ.”

“ಊರಿಂದ ಆದ್ರ ಆಗಲಿ. ಸರ್ಕಲ್ ಮದಿವ್ಯಾಗ ನಾ ಆಯೇರಿ ಮಾಡೇನಿಲ್ಲೋ? ನೀನ ಒದರೀದಿ. ಈಗ ನಮ್ಮನಿ ಕಾರ್ಯ ಬಂತು, ಸರ್ಕಲ್ ಮುಯ್ಯಿ ಮಾಡಲಿ.”

ಈ ವಾದಕ್ಕೆ ವಿಜಯಪುರದ ವಕೀಲರೂ ಉತ್ತರ ಕೊಡಲಾರರು. ಅಮೀನುದ್ದೀನ ಹೂ ಹರಿದುಕೊಟ್ಟರು. ಸುದ್ದಿ ಹಬ್ಬಿತು. ಗೃಹಪ್ರವೇಶದವರು ಬಂದರು, ತೊಟ್ಟಿಲು ಕಟ್ಟುವವರು ಬಂದರು, ದರ್ಗಾಕ್ಕೆ ಹೂವಿನ ಚಾದರ ಹೊದಿಸುವವರು ಬಂದರು. ಊರಿನಲ್ಲಿ ಇಷ್ಟು ಕಾರ್ಯಗಳು ನಡೆಯುತ್ತವೆಂದು ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಸರ್ಕಲ್ ಪುಕ್ಕ ಕಿತ್ತ ಕೋಳಿಯಂತಾಯಿತು.

ಕಮಿಟಿಯವರು ಸಿಟ್ಟಾದೆವು. ಅಮೀನುದ್ದೀನರಿಗೆ ಮಾತ್ರ ಅಷ್ಟು ಸುಖದ ದಿನಗಳು ಬಂದೇ ಇರಲಿಲ್ಲ. ಮುಯ್ಯಿಗೆ ಬಂದವರು ಸುಮ್ಮನೆ ಹೋಗುವಂತಿಲ್ಲ. ಬೆಂಚಿನ ಮೇಲೆ ಕೂತು, ಕೂಸು ಯಾರಂತಿದೆ, ಬೀಗರು ಯಾವುದಕ್ಕೆ ಮುನಿದರು ಎಂದೆಲ್ಲ ಹೇಳಬೇಕು. ಹೇಳುತ್ತಿದ್ದರು. ಯಾಸ್ಮಿನಳ ಫೋನು ಬಂದರೆ, “ಪುರಸೊತ್ತಿಲ್ಲ ಬೇಟಾ, ಕಾರ್ಯ ಭಾಳ ಅದಾವ” ಎಂದು ಇಟ್ಟುಬಿಡುತ್ತಿದ್ದರು.

ಸಭೆ ಸೇರಿದೆವು. ಸಿದ್ದಾರೂಢ ಉಪಾಯ ತಂದಿದ್ದ: ಸುತ್ತ ಕಬ್ಬಿಣದ ಗ್ರಿಲ್ಲು, ಅದಕ್ಕೆ ಬಾಗಿಲು, ಬಾಗಿಲಿಗೆ ಕೀಲಿ. ಖರ್ಚೆಲ್ಲ ಅವನದು, ಗ್ರಿಲ್ಲಿನ ನಾಲ್ಕೂ ದಿಕ್ಕಿಗೆ ಅವನ ಅಂಗಡಿಯ ಬೋರ್ಡು. ಒಳಗೆ ಬರೀ ಕಾಗದದ ಹೂವಿನ ಗಿಡ, ಅಂದರೆ ಬೋಗನ್‌ವಿಲ್ಲಾ.

“ಅದನ್ನ ಮುಡಿಯಾಕ ಬರೂದಿಲ್ಲ, ದೇವರಿಗೆ ಏರಿಸಾಕ ಬರೂದಿಲ್ಲ, ದರ್ಗಾಕ್ಕ ಒಯ್ಯಾಕ ಬರೂದಿಲ್ಲ. ಯಾರ ಹರೀತಾರ ನೋಡೂಣು” ಎಂದ.

ಎಂಥ ತಲೆ ಎನಿಸಿತು ನನಗೆ. ಕೂಡಲೇ ಪೆನ್ನು ತೆಗೆದು ಠರಾವು ಬರೆದೆ.

“ಹಂಗ ಮಾಡಿದ್ರ ಯಾರೂ ಬರೂದಿಲ್ಲಲ್ರಿ” ಎಂದರು ಅಮೀನುದ್ದೀನ.

“ಅದಕ್ಕ ಅಲ್ಲೇನ ಚಾಚಾ, ನಾವ ಕೂಡಿದ್ದು?” ಎಂದ ಸಿದ್ದಾರೂಢ.

ಕೀಲಿಕೈಯನ್ನು ಅಮೀನುದ್ದೀನರಿಗೇ ಕೊಟ್ಟೆವು, ಮಾನ ಮಾಡಿದಂತೆ. ಬೇಸಿಗೆಯ ಹೊತ್ತಿಗೆ ಸರ್ಕಲ್ ಕೆಂಪು, ಹಳದಿ, ನಸುಗೆಂಪಿನಲ್ಲಿ ಉರಿಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಜನ ಫೋಟೋ ತೆಗೆದರು. ಒಳಗೆ ಬಂದು ಬೆಂಚಿನ ಮೇಲೆ ಕೂತವರಿಲ್ಲ. ಅಮೀನುದ್ದೀನ ಸಂಜೆ ಬಂದು ಕೀಲಿ ತೆಗೆದು, ನೀರು ಬಿಟ್ಟು, ಬೆಂಚಿನ ಧೂಳು ಒರೆಸಿ ಒಂದು ಮೂಲೆಗೆ ಕೂರುತ್ತಿದ್ದರು, ಪಕ್ಕದಲ್ಲಿ ಜಾಗ ಬಿಟ್ಟು. ಮತ್ತೆ ಕೀಲಿ ಹಾಕಿ ಮನೆಗೆ ಹೋಗುತ್ತಿದ್ದರು.

ಒಂದು ಸಂಜೆ ರಸ್ತೆಯಾಚೆ ಹೋಗುತ್ತಿದ್ದೆ. ಗ್ರಿಲ್ಲಿನ ಒಳಗಿನಿಂದ ಅವರು ಕೈಯೆತ್ತಿ ಏನೋ ಅಂದರು. ಬಾಯಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅಮೀನುದ್ದೀನರ ದನಿ ಒಂದು ರಸ್ತೆ ದಾಟಲಾರದೆ ಹೋಯಿತೆಂದರೆ! ನಾನೇ ದಾಟಿದೆ.

“ಏನಂದ್ರಿ?”

“ಚಾ ಆತೇನ್ರಿ ಅಂದೆ.” ಕಿಸೆಯಿಂದ ಕೀಲಿಕೈ ತೆಗೆದರು. “ಇದನ್ನ ನೀವ ಇಟಗೋರಿ. ಯಾಸ್ಮಿನ ಒಂದ ಸವನ ಕರಿಯಾಕತ್ತಾಳ. ನೀರ ಬಿಡಾಕ ಯಾರರ ಸಿಗತಾರ.”

ಏಜಂಟನ ಬಾಯಲ್ಲಿ ಇಂಥ ಹೊತ್ತಿಗೆ ಬರುವುದೆಲ್ಲ ಪಾಲಿಸಿಯ ಮಾತೇ.

“ಎಲ್ಲಾರ ಮುಯ್ಯಿ ಮುಟ್ಟೇತ್ರಿ” ಎಂದು ಅವರೇ ಮುಂದುವರಿಸಿದರು. “ನಿಮ್ಮ ಎರಡು ಕುಂಡದ ಮುಯ್ಯಿ ಒಂದ ಉಳದೈತಿ. ಮನ್ಯಾಗ ಏನರ ಕಾರ್ಯ ಐತೇನು?”

ನಮ್ಮ ಮನೆಯಲ್ಲಿ ಕಾರ್ಯವೆಂದರೆ ಗ್ಯಾಸ್ ಸಿಲಿಂಡರ್ ಬರುವುದು. ಆದರೆ ಅವರು ಕೇಳಿದ ರೀತಿಗೆ ಇಲ್ಲ ಎನ್ನಲಾಗಲಿಲ್ಲ.

“ಐತಲ್ರಿ” ಎಂದೆ. “ಇವತ್ತ ಸುನಂದಾನ ಹುಟ್ಟಿದ ದಿನ.” ನನ್ನ ಹೆಂಡತಿ ಹುಟ್ಟಿದ್ದು ಶ್ರಾವಣದಲ್ಲಿ.

ಅವರು ಒಮ್ಮೆಲೇ ಎದ್ದರು. ನಾಲ್ಕೂ ಕಡೆ ಕಾಗದದ ಹೂವು, ಮುಡಿಯುವಂಥದು ಒಂದಿಲ್ಲ. ಬಾಗಿ ಬಾಗಿ ಹುಡುಕಿದರು. ಕಡೆಗೆ ಸಿದ್ದಾರೂಢನ ಬೋರ್ಡಿನ ಹಿಂದೆ, ನೆರಳಿನಲ್ಲಿ, ತಾನಾಗಿ ಎದ್ದ ಒಂದು ಗುಲಬಾಸಿ ಗಿಡ ಸಿಕ್ಕಿತು. ಅದರಲ್ಲಿ ಒಂದೇ ಮೊಗ್ಗು ಬಲಿತಿತ್ತು.

“ಅಬಿದಾನ ಬೀಜರಿ ಇದು” ಎಂದರು. “ಇನ್ನೂ ಅರಳಿಲ್ಲ. ಕೂಡ್ರಿ.”

ಕೂತೆ. ಅಬಿದಾ ಈ ಹೂವಿಗೆ ನೀರು ಹಾಕುತ್ತ ಅವರಿಗೆ ಬಯ್ಯುತ್ತಿದ್ದುದು, ನನ್ನ ಮಾವನ ಗಡಿಯಾರವನ್ನು ಎರಡು ಸಲ ಕೂಗಲು ಮಾವನೇ ಗುಟ್ಟಾಗಿ ಹೇಳಿದ್ದು, ಎಲ್ಲ ಅವರ ಮಾತಿನಲ್ಲಿ ಬಂತು. ಆಲಮೇಲದ ಬಸ್ಸು ತಿರುಗಿ ಹೋಯಿತು. ಬೀದಿದೀಪ ಹತ್ತಿತು. ಹೂವು ಯಾವಾಗಲೋ ಅರಳಿತ್ತು. ನಾನು ನೋಡಿದ್ದೆ, ಅವರೂ ನೋಡಿದ್ದರು. ಇಬ್ಬರೂ ಅದರ ಮಾತೆತ್ತಲಿಲ್ಲ.

ಕಡೆಗೆ ಅವರು ಅದನ್ನು ಮೆಲ್ಲಗೆ ಬಿಡಿಸಿ, ಎದ್ದು ನಿಂತು, ಅಂಗಿಯ ಬಟನ್ ಸರಿಮಾಡಿಕೊಂಡು, ಇಲ್ಲದ ಮೈಕನ್ನು ಬಾಯಿಗೆ ಹಿಡಿದರು.

“ಹೂವಿನ ಸರ್ಕಲ್ ವತಿಯಿಂದ ಶ್ರೀಶೈಲಪ್ಪ ಅವರ ಮನಿಗೆ ಹೂವ ಒಂದು.”

ಬಸ್ಸಿಗೆ ನಿಂತಿದ್ದ ಇಬ್ಬರು ತಲೆಯೆತ್ತಿ ನೋಡಿ ಮತ್ತೆ ಫೋನಿಗೆ ಬಗ್ಗಿದರು. ನಾನು ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಕೀಲಿಕೈ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಬಿದ್ದಿತ್ತು.

“ಒಂದ ಹೂವಿಗೆ ಎರಡು ಕುಂಡ ತೀರತಾವೇನ್ರಿ?” ಎಂದೆ. “ಶುಕ್ರವಾರ ಮತ್ತೊಂದ ಕಾರ್ಯ ಐತಿ.”

ಏನು ಕಾರ್ಯವೆಂದು ಅವರು ಕೇಳಲಿಲ್ಲ. ಗಿಡದ ಕಡೆ ಬಾಗಿ ಸಣ್ಣ ಮೊಗ್ಗುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಶುಕ್ರವಾರಕ್ಕ ಆಗತಾವ” ಎಂದು, ಕೀಲಿಕೈ ಎತ್ತಿ ಕಿಸೆಗೆ ಹಾಕಿಕೊಂಡರು.