ದಾರಿ ಪುಸ್ತಕಕ್ಕೆ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಆಯುಧಗಳ ಜನಗಣತಿ ನಡೆಯುತ್ತದೆ. ಈಳಿಗೆಮಣೆ, ಸುತ್ತಿಗೆ, ಹೊಲಿಗೆ ಯಂತ್ರ, ಮಿಕ್ಸಿ, ಮಗಳ ಲ್ಯಾಪ್‌ಟಾಪು, ಹೆಂಡತಿಯ ಸ್ಕೂಟರಿನ ಕೀ, ಎಲ್ಲವೂ ದೇವರ ಮುಂದೆ ಸಾಲಾಗಿ ಕೂರುತ್ತವೆ. ಪ್ರತಿವರ್ಷ ನನ್ನ ಹೆಂಡತಿ ಸರೋಜ ಅರಿಶಿನದ ಕೈಯನ್ನೇ ಸೊಂಟದ ಮೇಲಿಟ್ಟುಕೊಂಡು, "ನಿಮ್ಮ ಆಯುಧ ಏನ್ರೀ? ಬಾಯಿನಾ?" ಎಂದು ಕೇಳುತ್ತಾಳೆ. ಆಕೆ ತಮಾಷೆಗೆ ಕೇಳಿದರೂ ವೃತ್ತಿಯ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಹದಿನೆಂಟು ವರ್ಷ ನಾನು ಬಾಯಿಯಿಂದಲೇ ಅನ್ನ ದುಡಿದವನು. ರ‍್ಯಾಲಿ ಕಾರುಗಳಲ್ಲಿ ಕೋ-ಡ್ರೈವರ್ ಆಗಿದ್ದೆ.

ಈ ಸಲ ಆಕೆ ಕೇಳಲಿಲ್ಲ. ಅಟ್ಟ ಗುಡಿಸುವಾಗ ಸಿಕ್ಕಿದ ಹಳೆಯ ಸ್ಪೈರಲ್ ಪುಸ್ತಕವೊಂದನ್ನು ಒರೆಸಿ ತಂದು ಮಿಕ್ಸಿಗೂ ಸುತ್ತಿಗೆಗೂ ನಡುವೆ ಇಟ್ಟಿದ್ದಳು. ಒದ್ದೆ ಕುಂಕುಮದ ಬೆರಳು ಅದರ ಹತ್ತಿರ ಹೋಗುವುದಕ್ಕೂ ನಾನು ಸ್ನಾನ ಮುಗಿಸಿ ಬರುವುದಕ್ಕೂ ಸರಿಹೋಯಿತು. "ಅದಕ್ಕೆ ಬೇಡ" ಎಂದೆ. ಎಂದೆನೋ ಕಿರುಚಿದೆನೋ, ಪಕ್ಕದ ಮನೆಯವರು ಕಿಟಕಿ ತೆಗೆದದ್ದಂತೂ ನಿಜ. ಸರೋಜ ಬೆರಳು ಹಿಂದಕ್ಕೆ ತೆಗೆದುಕೊಂಡು, "ಒಂದು ಪುಸ್ತಕಕ್ಕೆ ಇಷ್ಟ್ಯಾಕ್ರೀ" ಎಂದಳು. ಯಾಕೆಂದು ಹನ್ನೊಂದು ವರ್ಷದಿಂದ ಆಕೆಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನೀವು ಸಹಕಾರನಗರದವರಲ್ಲ, ನಾಳೆ ಪಾರ್ಕಿನಲ್ಲಿ ಎದುರು ಸಿಗುವುದಿಲ್ಲ.

ಮೊದಲು ನನ್ನ ಉದ್ಯೋಗದ ಘನತೆಯನ್ನು ವಿವರಿಸಬೇಕು. ನಾನು ಹೇಳುತ್ತಿರುವ ರ‍್ಯಾಲಿ ಬಾವುಟ ಹಿಡಿದು ಜಯಕಾರ ಕೂಗುವುದಲ್ಲ. ಮಣ್ಣುರಸ್ತೆಯಲ್ಲಿ ಕಾರುಗಳನ್ನು ಒಂದೊಂದಾಗಿ ಬಿಟ್ಟು, ಯಾರು ಎಷ್ಟು ಬೇಗ ಮುಗಿಸಿದರು ಎಂದು ಗಡಿಯಾರ ಹಿಡಿದು ಅಳೆಯುವ ಓಟ. ಒಂದೆರಡು ದಿನ ಮೊದಲು ಅದೇ ದಾರಿಯಲ್ಲಿ ನಿಧಾನವಾಗಿ ಹೋಗುತ್ತಾರೆ. ಡ್ರೈವರ್ ಒಂದೊಂದು ತಿರುವನ್ನೂ ಹೇಳುತ್ತಾನೆ, ಕೋ-ಡ್ರೈವರ್ ಬರೆದುಕೊಳ್ಳುತ್ತಾನೆ. ಓಟದ ದಿನ ಡ್ರೈವರ್ ಓಡಿಸುತ್ತಾನೆ, ಕೋ-ಡ್ರೈವರ್ ಬರೆದದ್ದನ್ನು ಗಟ್ಟಿಯಾಗಿ ಓದುತ್ತಾನೆ. ತಿರುವು ಕಣ್ಣಿಗೆ ಬೀಳುವ ಮೊದಲೇ ಅವನ ಕಿವಿಗೆ ಬಿದ್ದಿರಬೇಕು. ಇಷ್ಟೇ ಕೆಲಸ.

ಇದನ್ನು ನನ್ನ ಮದುವೆ ಮಾತುಕತೆಯಲ್ಲಿ ಆರ್.ಟಿ. ನಗರದಿಂದ ಬಂದಿದ್ದ ಸರೋಜಳ ಸೋದರಮಾವನಿಗೆ ಅರ್ಧ ಗಂಟೆ ವಿವರಿಸಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಅಂದ್ರೆ ಲಾರಿ ಕ್ಲೀನರ್ ಇದ್ದಂಗೆ" ಎಂದರು.

"ಕ್ಲೀನರ್ ಹಿಂದೆ ನೋಡ್ಕೊಂಡು ರೈಟ್ ರೈಟ್ ಅಂತಾನೆ ಸಾರ್. ನಾನು ಮುಂದೇನಿದೆ ಅಂತ ಹೇಳ್ತೀನಿ."

"ಡ್ರೈವರ್‌ಗೆ ಮುಂದೆ ಕಾಣ್ಸಲ್ವಾ?"

ಈ ಪ್ರಶ್ನೆಗೆ ಹದಿನೆಂಟು ವರ್ಷ ಉತ್ತರ ಹುಡುಕಿದೆ. ಗೆದ್ದಾಗ ಪತ್ರಿಕೆಯಲ್ಲಿ ಡ್ರೈವರಿನ ಫೋಟೋ ಬರುತ್ತಿತ್ತು, ಒಮ್ಮೊಮ್ಮೆ ಅದರ ಅಂಚಿನಲ್ಲಿ ನನ್ನ ಮೊಣಕೈಯೂ ಬರುತ್ತಿತ್ತು. ನಮ್ಮಮ್ಮ ಆ ಮೊಣಕೈಗಳನ್ನೆಲ್ಲ ಕತ್ತರಿಸಿ ಇಟ್ಟುಕೊಂಡಿದ್ದರು. ಇನ್ನು ದೇಶ ಸುತ್ತಿದ ಪುಣ್ಯದ ಮಾತು. ಬೆಟ್ಟ, ಕಾಡು, ಮರಳುಗಾಡು ಯಾವುದನ್ನೂ ಬಿಡದೆ ಸುತ್ತಿದ್ದೇನೆ, ಆದರೆ ಓಟದ ಹೊತ್ತಿನಲ್ಲಿ ನೋಡಿದ್ದು ತೊಡೆಯ ಮೇಲಿನ ಪುಸ್ತಕವನ್ನು ಮಾತ್ರ. ತಲೆ ಎತ್ತಿದರೆ ಸಾಲು ತಪ್ಪುತ್ತದೆ. ಕಾರು ಎಲ್ಲಿದೆ ಎಂಬುದನ್ನು ನಾವು ಕೂತ ಜಾಗಕ್ಕೆ ಬೀಳುವ ಕುಲುಕಾಟದಿಂದ ತಿಳಿಯುತ್ತೇವೆ. ಜ್ಞಾನ ಎಲ್ಲರಿಗೂ ತಲೆಯ ಮೂಲಕವೇ ಬರಬೇಕೆಂದೇನೂ ಇಲ್ಲ.

ನನ್ನ ಡ್ರೈವರ್ ಮುನಿರಾಜು, ಚಿಕ್ಕಬಾಣಾವರದವನು. ಅವರ ರಾಗಿ ಹೊಲದಲ್ಲಿ ಈಗ ಎಂಟಂತಸ್ತಿನ ಅಪಾರ್ಟ್‌ಮೆಂಟ್ ಬೆಳೆದಿದೆ. ಟ್ರ್ಯಾಕ್ಟರ್ ಓಡಿಸಿ ಕೈ ಕಲಿತವನಾದ್ದರಿಂದ ಮಣ್ಣು ಅವನ ಮಾತು ಕೇಳುತ್ತಿತ್ತು. ಉಳಿದ ಜೋಡಿಗಳು ತಿರುವುಗಳಿಗೆ ಒಂದು, ಎರಡು, ಮೂರು ಎಂದು ನಂಬರು ಕೊಡುತ್ತಾರೆ. ಮುನಿರಾಜುವಿಗೆ ನಂಬರು ಕಿವಿಯಿಂದ ಕಾಲಿಗೆ ಇಳಿಯುತ್ತಿರಲಿಲ್ಲ. "ಗುರು, ನಂಗೆ ನಮ್ಮೂರ್ ತಿರುವು ಹೇಳು, ಕಾಲು ತಾನೇ ಒತ್ತುತ್ತೆ" ಎಂದ. ಹಾಗೆ ನಮ್ಮದೇ ಭಾಷೆ ಹುಟ್ಟಿತು. ಅವರೂರಿನ ರೈಲ್ವೆ ಗೇಟಿನ ಹತ್ತಿರದ, ಚೌಕದ ಮೂಲೆಯಂಥ ತಿರುವು ಬಂದರೆ "ಗೇಟು." ಅವರ ಮನೆ ಹಿಂದಿನ ಬಾವಿಯನ್ನು ಸುತ್ತಿ ಬರುವಂಥ, ಕಾರು ಬಹುತೇಕ ನಿಲ್ಲಬೇಕಾದ ತಿರುವು ಬಂದರೆ "ಬಾವಿ." ಕೆರೆ ಏರಿಯ ಮೇಲಿನಂತೆ ಸುಮ್ಮನೆ ಬಾಗಿದ, ಆಕ್ಸಿಲರೇಟರಿನಿಂದ ಕಾಲು ಎತ್ತಬೇಕಿಲ್ಲದ ದಾರಿ ಬಂದರೆ "ಏರಿ, ಬಿಡು." ಪರದೇಶದ ತರಬೇತುದಾರರೊಬ್ಬರು ನಮ್ಮ ಪುಸ್ತಕ ನೋಡಿ ಇದು ಪ್ರಾರ್ಥನೆಯೇ ಎಂದು ಕೇಳಿದ್ದರು. ಹೌದು ಎಂದಿದ್ದೆವು.

ನನ್ನ ಕೆಲಸ ಏನೆಂದು ಒಂದೇ ಸಲಕ್ಕೆ ಅರ್ಥಮಾಡಿಕೊಂಡವರು ಈ ಲೋಕದಲ್ಲಿ ಒಬ್ಬರೇ. ಅವರು ಮುನಿರಾಜುವಿನ ತಾಯಿ ಕೆಂಪಮ್ಮ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೊದಲ ರ‍್ಯಾಲಿಗೆ ಹೊರಡುವಾಗ ಕಾರಿಗೆ ಪೂಜೆ ಮಾಡಿ, ತಟ್ಟೆ ಹಿಡಿದುಕೊಂಡೇ ನನ್ನ ಕಡೆ ಬಂದರು.

"ಗಾಡಿ ಓಡ್ಸೋನು ನನ್ ಮಗ, ದಾರಿ ಯೋಳೋನು ನೀನು. ಗಾಡೀಗ್ ಮಾತ್ರ ಕುಂಕ್ಮ ಇಟ್ಬುಟ್ಟು ದಾರೀನ ಮರೆತ್ರೆ ಎಂಗಪ್ಪಾ? ಪುಸ್ತಕ ಕೊಡಿಲ್ಲಿ."

ಅಂದಿನಿಂದ ಪ್ರತಿ ಸಲವೂ ಪುಸ್ತಕದ ರಟ್ಟಿಗೆ ಒಂದು ಚಿಟಿಕೆ ಒಣ ಕುಂಕುಮ ಬೀಳುತ್ತಿತ್ತು. ಬಹುಮಾನದ ಕಪ್ಪುಗಳು ಬಂದು ಹೋದವು, ಯಾವುದೂ ನನಗೆ ಅಷ್ಟು ಬೆಲೆಯದ್ದಾಗಿ ಕಾಣಲಿಲ್ಲ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ.

ಹನ್ನೊಂದು ವರ್ಷದ ಹಿಂದೆ ಬೆಂಗಳೂರಿಗೆ ಹತ್ತಿರದ ನೀಲಗಿರಿ ತೋಪುಗಳಲ್ಲೇ ಒಂದು ರ‍್ಯಾಲಿ ಇತ್ತು. ಗೆದ್ದರೆ ಆ ವರ್ಷದ ಪಟ್ಟ ನಮ್ಮದೇ. ದಾರಿ ನೋಡಿ ಬರೆದುಕೊಂಡ ಮೇಲೆ ಮನೆಗೆ ಬಂದು, ಶುದ್ಧಪ್ರತಿ ಮಾಡಿ, ಮರುದಿನ ಮುಂಜಾನೆ ಚಿಕ್ಕಬಾಣಾವರದಿಂದಲೇ ಹೊರಟೆವು. ಕೆಂಪಮ್ಮನವರಿಗೆ ಏನೋ ಕೆಟ್ಟ ಕನಸು ಬಿದ್ದಿತ್ತಂತೆ. "ಇವತ್ತು ಒಳಗೂ ಇಡ್ತೀನಿ" ಎಂದು ಪುಸ್ತಕವನ್ನು ನಡುವೆ ಬಿಚ್ಚಿ, ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಹಾಳೆಯ ಮೂಲೆಗೆ ಒತ್ತಿ, ಮುಚ್ಚಿ ಕೊಟ್ಟರು. ನಾನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದೆ.

ಕೋ-ಡ್ರೈವರ್ ಪ್ರತಿ ಓಟದ ಮೊದಲು ಆ ಓಟದ ಎಲ್ಲ ಹಾಳೆಗಳನ್ನೂ ಒಂದೊಂದಾಗಿ ಬೆರಳಿನಿಂದ ತಿರುವಿ ನೋಡಬೇಕು. ಇದು ಹಲ್ಲುಜ್ಜುವಷ್ಟು ಸಾಮಾನ್ಯ ಅಭ್ಯಾಸ, ನಾನು ಒಮ್ಮೆಯೂ ತಪ್ಪಿಸಿರಲಿಲ್ಲ. ಅಂದು ಮೊದಲ ಓಟ ಮುಗಿಸಿ ಎರಡನೆಯದಕ್ಕೆ ಕಾಯುತ್ತಿದ್ದಾಗ ಟೀವಿಯ ಮೈಕ್ ಹಿಡಿದ ಹುಡುಗಿಯೊಬ್ಬಳು ಬಂದಳು. ಮುನಿರಾಜುವನ್ನು ದಾಟಿ ನೇರವಾಗಿ ನನ್ನ ಕಿಟಕಿಗೆ ಬಗ್ಗಿ, "ಸಾರ್, ನೀವ್ ಏನ್ ಮಾಡ್ತೀರಾ?" ಎಂದು ಕೇಳಿದಳು. ಇಡೀ ಜೀವಮಾನ ನಾನು ಕಾದಿದ್ದ ಪ್ರಶ್ನೆ. ಹಾಳೆ ತಿರುವಬೇಕಿದ್ದ ಆ ಐದು ನಿಮಿಷವೂ ನಾನು ಕೋ-ಡ್ರೈವರ್ ಎಷ್ಟು ಎಚ್ಚರದಿಂದಿರಬೇಕು ಎಂಬ ಬಗ್ಗೆ ಆಕೆಗೆ ಉಪನ್ಯಾಸ ಕೊಟ್ಟೆ.

ಓಟ ಶುರುವಾಯಿತು. ಪುಟದ ಕೊನೆಯಲ್ಲಿ "ನೇರ, ಇನ್ನೂರು ಮೀಟರ್" ಎಂದು ಓದಿ ಹಾಳೆ ತಿರುವಿದೆ. ಹೆಬ್ಬೆರಳಿಗೆ ಹಾಳೆ ದಪ್ಪ ಅನ್ನಿಸಿತು, ಆದರೆ ಬಾಯಿ ಆಗಲೇ ಓದಿಬಿಟ್ಟಿತ್ತು: "ಏರಿ, ಬಿಡು." ಅವನು ಪೂರ್ತಿ ವೇಗಕ್ಕೆ ಬಿಟ್ಟ. ಅಲ್ಲಿದ್ದದ್ದು ಬಾವಿ. ಒಣಗಿದ ಕುಂಕುಮಕ್ಕೆ ಎರಡು ಹಾಳೆ ಅಂಟಿಕೊಂಡು, ನಡುವಿನ ಎರಡು ಪುಟ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಕಾರು ನೀಲಗಿರಿ ಮರಗಳ ನಡುವೆ ಮೂರು ಉರುಳು ಉರುಳಿತು.

ನನ್ನ ಹೆಗಲ ಮೂಳೆ ಮುರಿಯಿತು, ಅವನಿಗೆ ತರಚಿದ ಗಾಯವೂ ಇಲ್ಲ. ನನ್ನ ಬೆಲ್ಟ್ ಬಿಚ್ಚುತ್ತಾ ಅವನು ಮೊದಲು ಕೇಳಿದ್ದು ಇದು: "ಬಾವಿ ಹೇಳಿದ್ಯೇನೋ? ಏರಿ ಅಂದಿದ್ದು ಕೇಳಿಸ್ತು. ಅದಕ್ಮುಂಚೆ ಬಾವಿ ಅಂದಿದ್ದು ನಂಗೆ ಕೇಳಿಸ್ಲೇ ಇಲ್ವಲ್ಲೋ."

ನಾನು ತಲೆಯಾಡಿಸಿದೆ. ಹೌದು, ಹೇಳಿದೆ ಎಂಬಂತೆ.

ಆ ಕ್ಷಣಕ್ಕೆ ಕಾರಣ ಸಿದ್ಧವಿತ್ತು. ನಿಜ ಹೇಳಿದರೆ ತಾಯಿಯ ಕುಂಕುಮವೇ ಮಗನನ್ನು ಕೆಡವಿತು ಎಂದಾಗುತ್ತದೆ, ಆ ತಾಯಿ ಉಳಿಯುತ್ತಾರೆಯೇ? ಎಂಥ ಉದಾತ್ತ ಮೌನ. ನನ್ನ ಹೇಡಿತನಕ್ಕೆ ಒಬ್ಬ ಮುದುಕಿಯ ಸೆರಗು ಹೊದಿಸಿ ಕೂರಿಸಿದೆ. ಹಾಳೆ ನೋಡದೆ ಮೈಕಿನ ಮುಂದೆ ಹಲ್ಲು ಕಿರಿದವನು ನಾನು ಎಂಬುದನ್ನು ಆ ಸೆರಗಿನಡಿಯಲ್ಲೇ ಮುಚ್ಚಿಟ್ಟೆ.

ಫಲ ಬೇಗ ಬಂತು. "ಪಾಪ, ಕೋ-ಡ್ರೈವರ್ ಸರಿಯಾಗೇ ಹೇಳಿದ್ನಂತೆ, ಡ್ರೈವರ್‌ಗೆ ಕೇಳಿಸಿಲ್ಲ" ಎಂದು ಸುದ್ದಿಯಾಗಿ ನನ್ನ ಬೇಡಿಕೆ ಹೆಚ್ಚಿತು. ಇನ್ನೆರಡು ವರ್ಷ ದೊಡ್ಡ ದೊಡ್ಡವರ ಪಕ್ಕ ಕೂತೆ. ಮುನಿರಾಜು ಓಟ ಬಿಟ್ಟ. ಕಿವಿ ಕೈಕೊಟ್ಟಿತು ಎಂದುಕೊಂಡ. ಯಶವಂತಪುರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದರು, ಅವನು ನಂಬಲಿಲ್ಲ. ನನ್ನನ್ನೇ ಕೇಳಿದ. ನಾನು ಹೆಬ್ಬಾಳದ ಇನ್ನೊಬ್ಬ ಡಾಕ್ಟರ ಹೆಸರು ಹೇಳಿದೆ. ಹೌದು, ಹೇಳಿದೆ. ಕ್ರಮೇಣ ಅವನು ಊರೊಳಗೆ ಓಡಿಸುವುದನ್ನೂ ಬಿಟ್ಟ. ಮಣ್ಣಿನ ಮೇಲೆ ಕಾರನ್ನು ಕುಣಿಸುತ್ತಿದ್ದವನು ಈಗ ಡ್ರೈವರ್ ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಕೂತು ಜಮೀನು ವ್ಯಾಪಾರದ ಸೈಟುಗಳಿಗೆ ಹೋಗಿಬರುತ್ತಾನೆ.

ಈ ಆಯುಧಪೂಜೆಯ ದಿನ ಸರೋಜಳ ಬೆರಳನ್ನು ತಡೆದ ಮೇಲೆ ನನಗೆ ತಿಂಡಿ ಇಳಿಯಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿಕೊಂಡು, ಚೆಂಡುಹೂವಿನ ಹಾರ ಹಾಕಿದ್ದ ಆಕೆಯ ಸ್ಕೂಟರನ್ನೇ ಹತ್ತಿ ಚಿಕ್ಕಬಾಣಾವರಕ್ಕೆ ಹೋದೆ. ದಾರಿಯುದ್ದಕ್ಕೂ ಒಡೆದ ಬೂದುಗುಂಬಳದ ಹೋಳುಗಳು. ಮುನಿರಾಜು ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಪುಸ್ತಕ ಅವನ ತೊಡೆಯ ಮೇಲಿಟ್ಟು ಹೇಳಿದೆ.

"ಬಾವಿ ನಾನು ಹೇಳ್ಲೇ ಇಲ್ಲ ಕಣೋ. ಎರಡು ಹಾಳೆ ಒಟ್ಟಿಗೆ ತಿರುಗಿಸ್ದೆ. ನಿನ್ ಕಿವಿ ಚೆನ್ನಾಗೇ ಇದೆ."

ಅವನು ಪುಸ್ತಕ ತಿರುವಿದ. ದಪ್ಪ ಹಾಳೆ ಸಿಕ್ಕಿತು. ಅದರ ಮೂಲೆಯ ಕೆಂಪನ್ನು ಬಹಳ ಹೊತ್ತು ನೋಡಿದ.

"ಅಮ್ಮನ ಕುಂಕುಮಾನಾ?" ಎಂದು ಮೆಲ್ಲಗೆ ಕೇಳಿದ.

ಹನ್ನೊಂದು ವರ್ಷ ಕಾಪಿಟ್ಟ ನೆಪ ನಾಲಿಗೆಯ ತುದಿಯಲ್ಲಿತ್ತು. "ಅಲ್ಲ. ನೋಡ್ಬೇಕಾದೋನು ನಾನು, ನೋಡ್ಲಿಲ್ಲ. ಟೀವಿಯವರ ಜೊತೆ ಮಾತಾಡ್ತಿದ್ದೆ" ಎಂದೆ.

"ಎರಡನೇ ಡಾಕ್ಟ್ರ ಹತ್ರ ನೀನೇ ಕಳಿಸ್ದೆ" ಎಂದ. ಅವನು ಕೆನ್ನೆಗೆ ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊನೆಗೆ ನಿಂಬೆಹಣ್ಣು ಕೊಯ್ದ ಚಾಕು ತೆಗೆದುಕೊಂಡು, ಅಂಟಿದ ಹಾಳೆಗಳನ್ನು ಹರಿಯದಂತೆ ಬಿಡಿಸಿ ನನ್ನ ಕೈಗಿಟ್ಟ.

"ನಾಳೆ ಬೈತೀನಿ. ಇವತ್ತು ಹಬ್ಬ. ಓದು."

ಅವನು ಕಣ್ಣು ಮುಚ್ಚಿ ಎರಡೂ ಕೈಯನ್ನು ಮುಂದಕ್ಕೆ ಹಿಡಿದ. ನಾನು ಹಿಂದಿನ ಪುಟದ ಕೊನೆಯ ಸಾಲಿನಿಂದ ಹಿಡಿದೆ. "ನೇರ, ಇನ್ನೂರು ಮೀಟರ್. ಎಡಕ್ಕೆ ಬಾವಿ." ಚಪ್ಪಲಿಯಿಲ್ಲದ ಅವನ ಕಾಲು ಜಗಲಿಯ ಕಲ್ಲನ್ನು ಒತ್ತಿತು. ಅವನ ಕೈ ತಿರುಗಿತು. "ಐವತ್ತು. ಬಲಕ್ಕೆ ಗೇಟು, ಒಳಗಡೆ ಕಲ್ಲು. ಎಪ್ಪತ್ತು. ಎಡಕ್ಕೆ ಗೇಟು." ಎರಡು ಪುಟವನ್ನೂ ಓದಿದೆ, ಒಂದು ತಿರುವನ್ನೂ ಅವನು ತಪ್ಪಿಸಲಿಲ್ಲ. ಪುಟ ಮುಗಿದಾಗ ಕಣ್ಣು ತೆರೆದು, "ಕೇಳಿಸ್ತು" ಎಂದ. ನನಗೆ ಅಳು ಬಂತು.

ಅಷ್ಟರಲ್ಲಿ ಕೆಂಪಮ್ಮನವರು ಗೋಡೆ ಹಿಡಿದುಕೊಂಡು ಹೊರಬಂದರು. "ದಾರಿ ಪುಸ್ತಕ ತಂದಿದ್ದೀಯೇನ್ ಮಗ? ತಾ, ಕುಂಕ್ಮ ಇಡ್ತೀನಿ." ಮುನಿರಾಜು ನನ್ನ ಮುಖ ನೋಡಿದ. ನಾನು ಕೊಟ್ಟೆ. ಅವರು ಒದ್ದೆ ಬೆರಳಿಂದ ಒಳಗಿನ ಹಾಳೆಗೇ ಇಟ್ಟರು. ಅದು ಒಣಗುವವರೆಗೆ ಪುಸ್ತಕವನ್ನು ತೆರೆದೇ ಹಿಡಿದು ಕೂತಿದ್ದೆ. ಮನೆಗೆ ಬಂದು ಸರೋಜಳಿಗೂ ಎಲ್ಲ ಹೇಳಿದೆ.

ಮರುದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಕಾರು ನಿಂತಿತು. ಡ್ರೈವರಿನ ಸೀಟಿನಲ್ಲಿ ಮುನಿರಾಜುವೇ ಇದ್ದ. ಹಿಂದೆ ಯಾರೂ ಇರಲಿಲ್ಲ. ಅವನು ಎಡಗಡೆಯ ಬಾಗಿಲು ತೆಗೆದು "ಹತ್ತು" ಎಂದ. ಹತ್ತಿದೆ. ಕೊಡಿಗೇಹಳ್ಳಿ ದಾಟಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು, ಕೆಂಪಾಪುರದವರೆಗೂ ಅವನು ಬಾಯಿಗೆ ಬಂದ ಹಾಗೆ ಬೈದ. ನನ್ನ ತೊಡೆಯ ಮೇಲೆ ಪುಸ್ತಕ ಇರಲಿಲ್ಲ. ತಲೆ ಎತ್ತಿ ರಸ್ತೆ ನೋಡುತ್ತಾ ಕೂತಿದ್ದೆ. ಅವನ ಒಂದೊಂದು ಮಾತೂ ನನಗೆ ಸರಿಯಾಗಿ ಕೇಳಿಸಿತು.